ಮನೆಯವರ ಟೇಬಲ್ಲಿಗೆ ಸೇರಿದ ಅಳಿಯ

ಮದುವೆಯಾಗಿ ಇಷ್ಟು ವರ್ಷವಾದರೂ ತಲಶ್ಶೇರಿಯ ಈ ಮನೆಯಲ್ಲಿ ನಾನಿನ್ನೂ ‘ಪುದಿಯಾಪ್ಲ’, ಅಂದರೆ ಹೊಸ ಅಳಿಯ. ತಲೆಗೂದಲು ಅರ್ಧ ಹೋಯಿತು, ಹೊಸತನ ಮಾತ್ರ ಹೋಗಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ತವರು ಬಿಡುವುದಿಲ್ಲ, ಗಂಡಂದಿರೇ ಬಂದಿರುತ್ತಾರೆ. ಉಪಚಾರಕ್ಕೇನೂ ಕೊರತೆಯಿಲ್ಲ. ಬೆಳಗಾದರೆ ಅಕ್ಕಿರೊಟ್ಟಿಯಂಥ ಬಿಸಿ ಪತ್ತಿರಿ, ಮೇಲೆ ಮೊಟ್ಟೆಯ ಸಿಹಿ ಎಳೆಗಳ ಮುಟ್ಟಮಾಲ (ಸಾಕ್ಷಿ ನನ್ನ ಹೊಟ್ಟೆ). ಆದರೆ ಮನೆಯ ಮಾತು ಶುರುವಾದೊಡನೆ ಅತ್ತೆ, “ನೀವು ಆರಾಮಾಗಿ ಕೂತ್ಕೊಳ್ಳಿ” ಎಂದು ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು. ಅದು ನನಗೆ ನಿಜವಾಗಿ ನೋಯುತ್ತಿತ್ತು.

ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು ನಾನು. ಯಾರಿಗೆ ಯಾವ ಕೆಲಸ ಎಂಬ ನಿತ್ಯದ ಜಗಳ ತೀರಿಸಲು ಈ ಮನೆಗೊಂದು ವೆಬ್ ಆ್ಯಪ್ ಕಟ್ಟಿದೆ. ಮನೆಯವರು, ಅತಿಥಿಗಳು, ಕೆಲಸಗಳು, ತಿಂಡಿಗಳು ಎಂದು ಬೇರೆಬೇರೆ ಪಟ್ಟಿಗಳ ಟೇಬಲ್ ಮಾಡುವುದು ಸುಲಭ. ಅವುಗಳ ನಡುವಿನ ಸಂಬಂಧ ಹೇಳುವಾಗಲೇ ಬೆವರಿಳಿಯುವುದು. ಪ್ರತಿ ಕೆಲಸವನ್ನೂ ಮನೆಯವರಲ್ಲೊಬ್ಬರಿಗೆ, ವಿಶೇಷ ತಿಂಡಿಗಳನ್ನು ಅತಿಥಿಗಳಿಗೆ ಗಂಟು ಹಾಕಿದೆ. ಕೆಲಸಕ್ಕೆ ಗಂಟುಬಿದ್ದವರ ಹೆಸರನ್ನು ಅಳಿಸಲಾಗದೆಂಬ ಉಗ್ರ ಶಾಸನವನ್ನೂ ಹೊರಡಿಸಿದೆ (ಮೈಗಳ್ಳ ಭಾವಮೈದ ನೌಷೀರನ ಸಲುವಾಗಿ).

“ನಿಮ್ಮ ಹೆಸರು ಎಲ್ಲಿಗೆ, ಇಕ್ಕಾ?” ಹೆಂಡತಿ ರಾಹಿಲಾ ಕೇಳಿದಳು.

‘ಸಮದ್’ ಎಂದು ಬರೆಯಲು ಅತಿಥಿಗಳ ಕಡೆ ಹೊರಟಿದ್ದ ಬೆರಳು ನಿಂತಿತು. “ಮನೆಯವರಿಗೆ ಸೇರಿಸ್ತೀನಿ.”

“ಯೋಚ್ನೆ ಮಾಡಿ.”

“ಏನು ಯೋಚ್ನೆ? ಮಕ್ಕಳು ಮನೆಯವರು, ಅವರಪ್ಪ ಮಾತ್ರ ನೆಂಟನಾ?”

ಅತ್ತೆ (ರಾಹಿಲಾಳ ಉಮ್ಮ) ಎಲೆಗೆ ಸುಣ್ಣ ಸವರುತ್ತಾ, “ಅವರಿಗೆ ಆಸೆ ಇದ್ರೆ ಸೇರ್ಕೊಳ್ಲಿ ಬಿಡು” ಎಂದರು. ಸೇರಿಸಿಯೇಬಿಟ್ಟೆ.

ಮರುದಿನ ತಟ್ಟೆಯಲ್ಲಿ ತಂಗಳು ಪತ್ತಿರಿ. ಮುಟ್ಟಮಾಲ ನಾಪತ್ತೆ.

“ಅದು ಅತಿಥಿಗಳಿಗೆ” ಎಂದಳು ರಾಹಿಲಾ. “ಆ್ಯಪ್ ನೋಡಿ. ಮೀನು ತರೋದು, ಕ್ಲೀನ್ ಮಾಡೋದು ಇವತ್ತು ನಿಮ್ಮ ಪಾಳಿ.”

ಹೆಸರು ತೆಗೆಯಹೋದೆ. ‘ಅಳಿಸಲಾಗದು’ ಎಂದಿತು ನನ್ನದೇ ಕೂಸು.

“ಆ ನಿಯಮ ಒಂಚೂರು ಸಡಿಲ ಮಾಡ್ತೀನಿ...”

“ಮಾಡಿ ನೋಡಿ! ಮೊದಲು ನೌಷೀರ್ ಓಡ್ತಾನೆ. ಉಮ್ಮ ನಿಮ್ಮನ್ನ ಸುಮ್ನೆ ಬಿಡಲ್ಲ.”

ಹಿತ್ತಲಲ್ಲಿ ಕೂತು ಬಂಗುಡೆಯ ಜೊತೆ ಹೆಣಗುತ್ತಿದ್ದೆ. ಅಷ್ಟರಲ್ಲಿ ನಾದಿನಿಯ ಗಂಡ ಬಂದ. ಹೊಸದಾಗಿ ಮದುವೆಯಾದವನು. ಒಳಗಿಂದ ಅತ್ತೆ ಕೂಗಿದರು: “ಲೋ ಸಮದಾ, ಕೈ ತೊಳ್ಕೊಂಡು ಬಾ! ಪುದಿಯಾಪ್ಲರಿಗೆ ಮುಟ್ಟಮಾಲ ಕೊಡು. ದಾರೀಲಿ ನೀನು ತಿನ್ಬೇಡ!”

ಅತ್ತೆ ನನ್ನನ್ನು ‘ಲೋ’ ಎಂದದ್ದು ಅದೇ ಮೊದಲು. ತಟ್ಟೆ ಹಿಡಿದು ನಡೆಯುವಾಗ ಕಣ್ಣು ತುಂಬಿತು. ಅದರಲ್ಲಿ ‘ಲೋ’ದ ಪಾಲೆಷ್ಟು, ಮುಟ್ಟಮಾಲದ ಪಾಲೆಷ್ಟು ಎಂದು ಬಿಡಿಸಿ ಹೇಳುವ ಟೇಬಲ್ ಮಾತ್ರ ನನಗಿನ್ನೂ ಕಟ್ಟಲು ಬಂದಿಲ್ಲ.