ಅಪ್ಪನ ಕುರ್ಚಿ ಮತ್ತು ನಾಲ್ಕನೆಯ ನಿಯಮ

ಮೂವತ್ತಾರು ವರ್ಷ ಪರೀಕ್ಷೆ ನಡೆಸಿದವನಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದಿಲ್ಲ. ಒಡಹುಟ್ಟಿದವರನ್ನು ಕಂಡರೂ ಒಂದೊಂದು ಬೆಂಚು ಬಿಟ್ಟು ಕೂರಿಸೋಣವೆನಿಸುತ್ತದೆ.

ನಮ್ಮಪ್ಪ ಬಿಟ್ಟುಹೋದದ್ದು ಬಾಡಿಗೆ ಮನೆಯೊಳಗಿನ ಮೂರು ಸಾಮಾನು: ಗೋಡೆ ಗಡಿಯಾರ, ಬೀರು, ಕೈ ಇರುವ ಒಂದು ಮರದ ಕುರ್ಚಿ. ಹಕ್ಕುದಾರರೂ ಮೂವರೇ: ನಾನು, ದರ್ಜಿ ತಮ್ಮ, ನರ್ಸ್ ತಂಗಿ. ತಲೆಗೊಂದು ಹಂಚಿಕೊಂಡಿದ್ದರೆ ಐದು ನಿಮಿಷದ ಕೆಲಸ. ಆದರೆ ಆ ಕುರ್ಚಿಯ ಕೈಯ ಮೇಲೆ ಕೂತೇ ನಾನು ಅಪ್ಪನಿಂದ ಮಗ್ಗಿ ಕಲಿತವನು. ಅದು ನನಗೇ ಬೇಕು. ಬಾಯಿಬಿಟ್ಟು ಕೇಳುವುದೋ, ಹಿರಿಯನಾದವನಿಗೆ ಅವಮಾನ. ಮೇಲಾಗಿ, ತಮ್ಮ ಟೇಪು ಹಿಡಿದು ಕುರ್ಚಿಯ ಉದ್ದಗಲ ಅಳೆಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ.

ಆಗ ಹೊಳೆದದ್ದೇ ಲಕೋಟೆಯ ಮಹಾಯೋಜನೆ. ಪ್ರತಿ ಸಾಮಾನಿಗೆ ತಾನೆಷ್ಟು ಕೊಡುವೆನೆಂದು ಒಬ್ಬೊಬ್ಬರೂ ಗುಟ್ಟಾಗಿ ಬರೆದು ಲಕೋಟೆ ಅಂಟಿಸುವುದು. ಹೆಚ್ಚು ಬರೆದವರಿಗೆ ಸಾಮಾನು. ಅವರು ಬರೆದ ಹಣ ಉಳಿದಿಬ್ಬರಿಗೆ ಸಮಪಾಲು. ನಾಲ್ಕನೆಯ ನಿಯಮ: ಒಡೆದ ಮೇಲೆ ತಿದ್ದುವಂತಿಲ್ಲ, ಅಳುವಂತಿಲ್ಲ. (ತಮ್ಮನ ಕಣ್ಣೀರು ಚಿಕ್ಕಂದಿನಿಂದಲೂ ನನಗೆ ದುಬಾರಿ.) ಮೂವರೂ ರುಜು ಹಾಕಿ, ನಮ್ಮ ಮನೆಯ ಮೂರು ಮೂಲೆಯಲ್ಲಿ ಕೂತು ಬರೆದೆವು.

"ರೀ, ಎಷ್ಟು ಬರೆದ್ರಿ?" ಎಂದಳು ಹೆಂಡತಿ.

"ಗೌಪ್ಯ."

"ಸೋರೋ ಅಡುಗೆಮನೆ ಸೂರಿಗೆ ಅಂತ ನಲವತ್ತು ಸಾವಿರ ಕೂಡಿಟ್ಟಿದೀನಿ. ನಿಮ್ಮ ಗೌಪ್ಯ ಆ ಕಡೆ ಸುಳೀದೇ ಇದ್ರೆ ಸಾಕು."

ನಾನು ಲಕೋಟೆಯ ಅಂಟು ನೆಕ್ಕುತ್ತಿದ್ದೆ. ನಾಲಿಗೆಗೆ ಬಿಡುವಿರಲಿಲ್ಲ, ನೋಡಿ.

ತಂಗಿ ಒಡೆದು ಓದಿದಳು. ಗಡಿಯಾರ ಮುನ್ನೂರಕ್ಕೆ ಅವಳಿಗೇ. ಬೀರು ಎರಡು ಸಾವಿರಕ್ಕೆ ತಮ್ಮನಿಗೆ. ಕುರ್ಚಿಯ ಸರದಿ ಬಂತು.

"ಅಣ್ಣ... ನಲವತ್ತು ಸಾವಿರ?" ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. "ನಂದು ಸೊನ್ನೆ. ಇವನದೂ ಸೊನ್ನೆ."

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. (ಬಿದ್ದದ್ದಲ್ಲ, ಎಸೆದದ್ದು.)

"ಕುರ್ಚಿ ನಿನಗೇ ಅಂತ ನಾವಿಬ್ರೂ ಮೊದಲೇ ಮಾತಾಡ್ಕೊಂಡಿದ್ವಿ," ಎಂದ ತಮ್ಮ.

"ಮತ್ತೆ ಟೇಪು ಹಿಡಿದು ಅಳೆದದ್ದು?"

"ನಿನ್ನ ಬೆನ್ನುನೋವಿಗೆ ಒಂದು ದಿಂಬು ಹೊಲಿಯೋಣ ಅಂತ." ಚೀಲದಿಂದ ತೆಗೆದೇಬಿಟ್ಟ. ನೀಲಿ ಬಟ್ಟೆ, ನಾಲ್ಕೂ ಕಡೆ ಅಂಚು.

ಅದೇ ಅಂಚಿನಿಂದ ಕಣ್ಣೊರೆಸಿಕೊಂಡೆ. "ಹಾಗಾದ್ರೆ ಈ ದುಡ್ಡಿನ ಮಾತು... ನಾವು ನಾವೇ ಅಲ್ವೇನೋ..."

"ಕಾಪಿ ಹೊಡೆಯೋ ಹುಡುಗರ ಹಾಗೆ ಮೂಲೆಗೊಬ್ಬರನ್ನ ಕೂರಿಸಿದಾಗ ನಾವು ನಾವಾಗಿರ್ಲಿಲ್ವಾ ಅಣ್ಣ? ನಾಲ್ಕನೇ ನಿಯಮ ಓದ್ಲಾ?"

"ಅಳೋ ಹಾಗೂ ಇಲ್ಲ," ಎಂದು ತಂಗಿ ನೆನಪಿಸಿದಳು.

ನನಗೆ ಬರಬೇಕಾದ ಸಾವಿರದ ನೂರೈವತ್ತನ್ನು ಚಾಚೂತಪ್ಪದೆ ಕೊಟ್ಟು, ಇಪ್ಪತ್ತಿಪ್ಪತ್ತು ಸಾವಿರ ಎಣಿಸಿಕೊಂಡು ಹೊರಟರು. ದಿಂಬನ್ನು ಮಾತ್ರ ಬಿಟ್ಟುಹೋದರು. ಅದಕ್ಕೆ ಕಾಸು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮೊನ್ನೆ ಮಳೆ ಹಿಡಿಯಿತು. ಹೆಂಡತಿ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಒಲೆಯ ಪಕ್ಕದಲ್ಲಿಟ್ಟು, ಪ್ಲಾಸ್ಟಿಕ್ ಹಾಳೆ ಹಿಡಿದು ಹತ್ತಿಯೇಬಿಟ್ಟಳು.

"ಅಪ್ಪನ ಕುರ್ಚಿ ಕಣೇ! ಅದರ ಮೇಲೆ ನಿಲ್ತಾರಾ?"

"ಇದು ನನ್ನ ಸೂರು ಕಣ್ರೀ," ಎಂದಳು ಮೇಲಿನಿಂದಲೇ. "ಗಟ್ಟಿಯಾಗಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಈಗ ಮಳೆ ಬಂದಾಗಲೆಲ್ಲ ಹಿಡಿದುಕೊಳ್ಳುತ್ತೇನೆ. ಕೂರುವ ಯೋಗ ಮಾತ್ರ ಇನ್ನೂ ಬಂದಿಲ್ಲ.