ಬೆಕ್ಕಿಗೆ ಹೋದ ನಾಯಿಯ ಚೀಟಿ

ಪ್ರಾಣಿ ಚಿಕಿತ್ಸಾ ಘಟಕದ ಕಛೇರಿ, ತುಮಕೂರು
ಸಂಖ್ಯೆ: ಪ್ರಾಚಿಘ/ಮೂಳೆ/ನಾ-ಬೆ/೧೭

ವಿಷಯ: ಮೂಳೆ ಕ್ಯಾನ್ಸರ್‌ನ ತಿಳಿವಳಿಕೆ ಚೀಟಿಗಳು ಅದಲುಬದಲಾದ ಬಗ್ಗೆ.
ಉಲ್ಲೇಖ: ಕುಣಿಗಲ್‌ನ ಶ್ರೀಮತಿ ಜಮಾಲುನ್ನೀಸಾ ಅವರ ಮೌಖಿಕ ದೂರು (ಏರುದನಿಯದು).

೧. ಗುಮಾಸ್ತ ಶ್ರೀ ಸಿದ್ದಗಂಗಯ್ಯ ಅವರು ಊಟದ ಅವಸರದಲ್ಲಿ, ಜಮಾಲುನ್ನೀಸಾ ಅವರ ‘ಬಾದಾಮಿ’ ಎಂಬ ಬೆಕ್ಕಿಗೆ ನಾಯಿಯ ಚೀಟಿಯನ್ನು ಕೊಟ್ಟಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಚೀಟಿಯಲ್ಲಿ, “ರೋಗ ಬೇಗ ಶ್ವಾಸಕೋಶಕ್ಕೆ ಹರಡುತ್ತದೆ, ಕಾಲು ತೆಗೆದರೂ ಉಳಿಯುವುದು ಹೆಚ್ಚಾಗಿ ತಿಂಗಳುಗಳು ಮಾತ್ರ” ಎಂದಿತ್ತು. ಇದನ್ನು ಓದಿದವರು ತಲೆಬರಹ ನೋಡುವ ಸ್ಥಿತಿಯಲ್ಲಿರಲಿಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದು ಬೆಕ್ಕನ್ನು ಮನೆಗೆ ಒಯ್ದು, ದಿನವೂ ಮೀನು ಹಾಕತೊಡಗಿದರು.

೨. ಶಸ್ತ್ರಚಿಕಿತ್ಸೆಗೆ ಬೆಕ್ಕು ಬಾರದಿದ್ದಾಗ ವಿಚಾರಿಸಿ ಚೀಟಿಯ ತಪ್ಪು ಕಂಡುಕೊಂಡ ವೈದ್ಯೆ ಡಾ. ವಾಣಿಶ್ರೀ ಅವರು, “ಬೆಕ್ಕಲ್ಲಿ ಇದು ಅಪರೂಪ, ಹರಡೋದೂ ನಿಧಾನ ಕಣ್ರೀ! ಕಾಲು ತೆಗೆದ್ರೆ ವರ್ಷಗಟ್ಲೆ ಇರ್ಬೋದು. ಹೋಗಿ ಕರ್ಕೊಂಡ್ ಬನ್ನಿ” ಎಂದು ಮೌಖಿಕವಾಗಿ ಆದೇಶಿಸಿದ ಮೇರೆಗೆ, ಜನ್ಮದಲ್ಲಿ ಬೆಕ್ಕು ಮುಟ್ಟದ ಸಿದ್ದಗಂಗಯ್ಯನವರು ಬುಟ್ಟಿ ಹಿಡಿದು ಕುಣಿಗಲ್ ಬಸ್ಸು ಹತ್ತಿದರು.

೩. “ಸಾಯುತ್ತೆ ಅಂತ ಬರ್ದ್ ಕೊಟ್ಟೋರೂ ನೀವೇ, ಬದುಕುತ್ತೆ ಅಂತ ಬಂದೋರೂ ನೀವೇನಾ ಸಾರ್?” ಎಂದು ಬಾಗಿಲಲ್ಲಿ ವಿಚಾರಿಸಲಾಯಿತು. “ತಪ್ಪು ನಂದು ಕಣಮ್ಮ, ಬೆಕ್ಕಿಂದಲ್ಲ” ಎಂದು ಲಿಖಿತವಲ್ಲದ ಉತ್ತರ ನೀಡಲಾಯಿತು. ಬೆಕ್ಕು ಬುಟ್ಟಿಗೆ ಬಂತು. ಜಮಾಲುನ್ನೀಸಾ ಅವರೂ ಜೊತೆಗೆ ಹೊರಟರು. ಶಸ್ತ್ರಚಿಕಿತ್ಸೆಯಾದ ಎರಡನೇ ವಾರಕ್ಕೆ ಸದರಿ ಬೆಕ್ಕು ಮೂರು ಕಾಲಲ್ಲೇ ಕಡತದ ಬೀರು ಏರಿರುತ್ತದೆ.

೪. ಆದುದರಿಂದ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:
ಅ) ಚೀಟಿ ಕೊಡುವ ಮುನ್ನ ಪ್ರಾಣಿಯತ್ತ ಒಮ್ಮೆ ನೋಡತಕ್ಕದ್ದು.
ಆ) ನೋಡಿಯೂ ಸಂಶಯ ತೀರದಿದ್ದಲ್ಲಿ ಅದು ಬೊಗಳುವವರೆಗೆ ಕಾಯತಕ್ಕದ್ದು. ಬೊಗಳದಿದ್ದ ಮಾತ್ರಕ್ಕೆ ಬೆಕ್ಕೆಂದು ತೀರ್ಮಾನಿಸತಕ್ಕದ್ದಲ್ಲ.
ಇ) ಮೂರು ಕಾಲಿನ ಬೆಕ್ಕನ್ನು ವಹಿಯಲ್ಲಿ ಮುಕ್ಕಾಲು ಬೆಕ್ಕೆಂದು ನಮೂದಿಸತಕ್ಕದ್ದಲ್ಲ.
ಈ) ಪರಚಿದ ಗಾಯಕ್ಕೆ ವಿಶೇಷ ರಜೆ ಇರುವುದಿಲ್ಲ.

೫. ಬೆಕ್ಕಿನ ಚೀಟಿಯು ಅದೇ ದಿನ ಅಮೃತೂರಿನ ಶ್ರೀ ರಾಮಾಂಜಿನಯ್ಯ ಅವರ ನಾಯಿಗೆ ಹೋಗಿತ್ತು. ಅದನ್ನು ಹಿಂಪಡೆಯಲು ಹೋದ ಸಿದ್ದಗಂಗಯ್ಯನವರು ಜಗುಲಿಯ ಮೇಲೆ ನಾಯಿಯ ಪಕ್ಕದಲ್ಲೇ ಕೂತರು. ಮಾಲೀಕರೇ ನಾಯಿಯ ತಲೆ ಸವರುತ್ತ, “ಗೊತ್ತು ಸಾ. ಮೇಲ್ಗಡೆ ಬೆಕ್ಕು ಅಂತ್ಲೇ ಐತೆ. ಡಾಕ್ಟ್ರಮ್ಮ ಅವತ್ತೇ ಎಲ್ಲಾ ಹೇಳವ್ರೆ. ಇದ್ರಲ್ಲಿ ಒಳ್ಳೇದ್ ಬರ್ದಿತ್ತು, ಇಟ್ಕೊಂಡೆ ಬುಡಿ” ಎಂದರು. ಗುಮಾಸ್ತರು ಬರಿಗೈಲಿ ಹಿಂದಿರುಗಿದ್ದಾರೆ. ಇದನ್ನು ಕರ್ತವ್ಯಲೋಪವೆಂದು ಪರಿಗಣಿಸಲಾಗಿರುವುದಿಲ್ಲ.

(ಸಹಿ ಅಸ್ಪಷ್ಟ)
ಅಧೀಕ್ಷಕರು

ಪ್ರತಿ:
೧. ಎಲ್ಲ ಸಿಬ್ಬಂದಿಗೆ, ಊಟಕ್ಕೆ ಮುಂಚೆ.
೨. ಬಾದಾಮಿ, ಕುಣಿಗಲ್, ಮಾಲೀಕರ ಮುಖಾಂತರ.
೩. ರಾಮಾಂಜಿನಯ್ಯ ಅವರಿಗೆ ಕಳುಹಿಸುವ ಅಗತ್ಯವಿಲ್ಲ.