ಒಂದು ಸೊಳ್ಳೆ ಕಮ್ಮಿ

ಬೀದಿಯ ಸೊಳ್ಳೆಗೆ ಖರ್ಚಿಲ್ಲ. ಚರಂಡಿಯಲ್ಲಿ ಹುಟ್ಟಿ, ನಮ್ಮ ನಿಮ್ಮ ರಕ್ತ ಕುಡಿದು, ಅಂಗೈ ಏಟಿಗೆ ಸತ್ತುಹೋಗುವ ಬಡಜೀವ ಅದು. ಪ್ರಯೋಗಾಲಯದ ಸೊಳ್ಳೆಯ ಕತೆ ಬೇರೆ. ಅದಕ್ಕೆ ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರುವ ಕೋಣೆ ಬೇಕು, ಗಾಳಿಯಲ್ಲಿ ಹದವಾದ ತೇವ ಬೇಕು, ಹತ್ತಿಯಲ್ಲಿ ಅದ್ದಿದ ಸಕ್ಕರೆ ನೀರು ಬೇಕು, ಒಂದರ ಹಿಂದೆ ಒಂದು ಎರಡು ಬಾಗಿಲು ಬೇಕು, ಕರೆಂಟು ಹೋದರೆ ಜನರೇಟರ್ ಬೇಕು. ಇಷ್ಟು ಖರ್ಚಿನಲ್ಲಿ ತಲೆಗೊಂದು ಮೇಕೆ ಸಾಕಬಹುದಿತ್ತು, ಮೇಕೆಯಾದರೆ ಹಾಲಾದರೂ ಕೊಡುತ್ತಿತ್ತು ಎಂದು ಅಲ್ಲಿನ ಅಕೌಂಟೆಂಟ್ ಗೊಣಗುತ್ತಿದ್ದರು. ಆ ಖರ್ಚಿನಲ್ಲೆಲ್ಲ ಅತಿ ಸಣ್ಣದು ಸೊಳ್ಳೆ ನೋಡಿಕೊಳ್ಳುವವನ ಸಂಬಳ.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಆಫೀಸಿನಲ್ಲೂ ಬೀದಿಯಲ್ಲೂ ಅವನು ಸೊಳ್ಳೆಪ್ಪ. ಕೆಲಸ ಹಂಗಾಮಿ. 'ಮುಂದಿನ ವರ್ಷ ಕಾಯಂ' ಎಂಬ ಮಾತು ಕೇಳಿ ಕೇಳಿ ಅವನ ಕೂದಲು ಉದುರಿತ್ತೇ ಹೊರತು ಕೆಲಸ ಗಟ್ಟಿಯಾಗಿರಲಿಲ್ಲ. ಈ ಸಲ ಮಾತ್ರ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ತಾವಾಗಿಯೇ ಹೇಳಿದ್ದರು: ನಾಳೆ ಸಂಜೆ ಶಿಫಾರಸು ಕಳಿಸುತ್ತೇನೆ. ಹೆಂಡತಿ ಆಗಲೇ ತನ್ನ ಅಕ್ಕಂದಿರಿಗೆಲ್ಲ ಫೋನು ಮಾಡಿ ಮುಗಿಸಿದ್ದಳು.

ಅಲ್ಲಿ ನಡೆಯುತ್ತಿದ್ದುದು ಮಲೇರಿಯಾ ಸಂಶೋಧನೆ. ಸೊಳ್ಳೆ ಕಚ್ಚಿ ಒಳಗೆ ಬಿಟ್ಟ ರೋಗಾಣುವನ್ನು ಮೈಯೊಳಗಿನ ಕಾವಲುಪಡೆ ಹೇಗೆ ಗುರುತು ಹಿಡಿಯುತ್ತದೆ, ಕೆಲವೊಮ್ಮೆ ಯಾಕೆ ಹಿಡಿಯುವುದಿಲ್ಲ ಎಂಬುದನ್ನು ಇಲಿಗಳಲ್ಲಿ ನೋಡುತ್ತಿದ್ದರು. ಅದು ಇಲಿಗಳ ಮಲೇರಿಯಾ; ಮನುಷ್ಯರಿಗೆ ಬರುವಂಥದ್ದಲ್ಲ. ಆದರೂ ನಿಯಮ ಕಟ್ಟುನಿಟ್ಟು. ರೋಗಾಣು ಹೊತ್ತ ಸೊಳ್ಳೆಗಳನ್ನು ದಿನಾ ಬೆಳಿಗ್ಗೆ ಎಣಿಸಬೇಕು. ಬದುಕಿದ್ದರೆ ಜೀವ, ಸತ್ತಿದ್ದರೆ ಹೆಣ, ಒಟ್ಟು ಲೆಕ್ಕ ಸರಿಹೋಗಬೇಕು. ಒಂದು ಕಡಿಮೆಯಾಗಿ ಸಂಜೆಯೊಳಗೆ ಸಿಗದಿದ್ದರೆ ಉಳಿದವನ್ನೆಲ್ಲ ಕೊಲ್ಲಬೇಕು.

ಮರುದಿನ ಬೆಳಿಗ್ಗೆ ಸೊಳ್ಳೆಪ್ಪ ಎಂದಿನಂತೆ ಸೊಳ್ಳೆಗಳನ್ನು ಮಂಜುಗಡ್ಡೆಯ ತಟ್ಟೆಯ ಮೇಲಿಟ್ಟು, ಅವಕ್ಕೆ ಜೊಂಪು ಹತ್ತಿದ ಮೇಲೆ ಸಣ್ಣ ಕುಂಚದಿಂದ ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತ ಎಣಿಸಿದ. ಅರವತ್ತು ಇರಬೇಕಿತ್ತು. ಐವತ್ತೊಂಬತ್ತಿತ್ತು. ಮತ್ತೆ ಎಣಿಸಿದ. ಸೊಳ್ಳೆಗಳಿಗೆ ಎಚ್ಚರವಾಗತೊಡಗಿತು, ಸಂಖ್ಯೆ ಮಾತ್ರ ಬದಲಾಗಲಿಲ್ಲ. ಬಿಳಿ ಗೋಡೆ, ಬಿಳಿ ನೆಲ, ಬಿಳಿ ಕೋಟು ಎಲ್ಲವನ್ನೂ ಜಾಲಾಡಿ, ಕೊನೆಗೆ ತನ್ನ ಮೂಗಿನ ಹೊಳ್ಳೆಯನ್ನೂ ಕನ್ನಡಿಯಲ್ಲಿ ನೋಡಿಕೊಂಡು, ಮೇಡಂ ಮುಂದೆ ಹೋಗಿ ನಿಂತ.

ಮೇಡಂ ಎಂದರೆ ಕೈಗಡಿಯಾರ ನೋಡಿ ಗೋಡೆಗಡಿಯಾರವನ್ನೂ, ಗೋಡೆಗಡಿಯಾರ ನೋಡಿ ಕೈಗಡಿಯಾರವನ್ನೂ ಅನುಮಾನಿಸುವವರು.

"ಒಂದು ಕಮ್ಮಿನಾ?" ಎಂದರು ಟೀ ಕುಡಿಯುತ್ತ. "ಸರಿಯಾಗಿ ಎಣಿಸಿದ್ರಾ?"

"ಎರಡು ಸಲ ಎಣಿಸಿದೆ ಮೇಡಂ. ಕಮ್ಮಿನೇ."

"ಪಕ್ಕದ ಕೋಣೆ ಬೀಗದ ಕೈ ಇಲ್ಲಿ ಕೊಡಿ."

ಪಕ್ಕದ ಕೋಣೆಯಲ್ಲಿ ರೋಗವಿಲ್ಲದ ಸಾವಿರಾರು ಸೊಳ್ಳೆಗಳಿದ್ದವು. "ಅದ್ಯಾಕೆ ಮೇಡಂ?"

"ಅಲ್ಲಿಂದ ಒಂದು ಇಲ್ಲಿಗೆ ನಡ್ಕೊಂಡು ಬರಬಾರದಲ್ಲ, ಅದಕ್ಕೆ. ಹುಡುಕಿ. ನಾಲ್ಕು ಗಂಟೆಗೆ ನೋಡೋಣ."

ಸುದ್ದಿ ಸೊಳ್ಳೆಗಿಂತ ಬೇಗ ಹಾರಿತು. ಹತ್ತೇ ನಿಮಿಷದಲ್ಲಿ ಇಡೀ ಕಟ್ಟಡಕ್ಕೆ ತುರಿಕೆ ಹತ್ತಿತು. ಆದರೆ ತುರಿಸಿಕೊಂಡವನನ್ನು ಎಲ್ಲರೂ ಅನುಮಾನದಿಂದ ನೋಡುತ್ತಿದ್ದರಿಂದ, ಜನ ಜೇಬಿನೊಳಗೆ, ಫೈಲಿನ ಮರೆಯಲ್ಲಿ, ಬಾಗಿಲ ಹಿಂದೆ ಕದ್ದು ತುರಿಸಿಕೊಳ್ಳತೊಡಗಿದರು. ಅಕೌಂಟೆಂಟ್ ಮಾತ್ರ ನೇರವಾಗಿ ಬಂದರು.

"ಸೊಳ್ಳೆಪ್ಪ, ನನ್ನ ಕುತ್ತಿಗೆ ನೋಡಿ. ಇದು ಕಚ್ಚಿದ್ದು ತಾನೇ?"

"ಕಾಲರ್ ಉಜ್ಜಿ ಕೆಂಪಾಗಿದೆ ಸಾರ್."

"ನೀವು ಹಾಗೇ ಹೇಳ್ತೀರಿ. ನಿಮ್ಮ ಕಡೆಯ ಸೊಳ್ಳೆ ಅಲ್ವಾ."

"ಸಾರ್, ಇದು ಇಲಿಗೆ ಬರೋ ಕಾಯಿಲೆ. ನಮಗೆ ಬರಲ್ಲ."

"ಬರಲ್ಲ ಅಂತ ನಿಮಗೆ ಗೊತ್ತು. ಸೊಳ್ಳೆಗೆ ಗೊತ್ತಾ?"

ಅಷ್ಟು ಹೇಳಿ ಅವರು ಬೆನ್ನ ಹಿಂದಿನಿಂದ ಸೊಳ್ಳೆ ಔಷಧಿಯ ಡಬ್ಬಿ ತೆಗೆದು ಪಡಸಾಲೆಯ ಉದ್ದಕ್ಕೂ ಸಿಂಪಡಿಸಲು ಹೊರಟರು. ಆ ಗಾಳಿ ಬಾಗಿಲ ಸಂದಿಯಿಂದ ಒಳಗೆ ಹೋದರೆ ಐವತ್ತೊಂಬತ್ತೂ ಗೋವಿಂದ. ಸೊಳ್ಳೆಪ್ಪ ಡಬ್ಬಿಯನ್ನು ತಬ್ಬಿಕೊಂಡ. ಅಕೌಂಟೆಂಟ್ ಬಿಡಲಿಲ್ಲ. ಎಮ್ಮೆ ಕರು ಹಗ್ಗ ಜಗ್ಗಿದಂತೆ ಇಬ್ಬರೂ ಜಗ್ಗಾಡುತ್ತಿರುವಾಗ, ಆ ಸೊಳ್ಳೆಗಳ ಮೇಲೆ ಕೆಲಸ ಮಾಡುತ್ತಿದ್ದ ಸಂಶೋಧಕಿ ಓಡಿ ಬಂದು ಬಾಗಿಲ ಸಂದಿಗೆ ತನ್ನ ಕೋಟು ತುರುಕಿದಳು.

"ಅಣ್ಣಾ," ಎಂದಳು ಅಳುಮುಖದಲ್ಲಿ, "ಸಂಜೆ ಇವನ್ನೆಲ್ಲ ಕೊಂದ್ರೆ ನಾನು ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅಪ್ಪ ಈಗಲೇ ಕೇಳ್ತಿದ್ದಾರೆ, ಸೊಳ್ಳೆ ಸಾಕಿದ್ದು ಸಾಕಲ್ವಾ ಅಂತ."

ಜಗ್ಗಾಟದಲ್ಲೇ ಪಡಸಾಲೆಗೆಲ್ಲ ಸಿಡಿದು ಡಬ್ಬಿ ಖಾಲಿಯಾದ ಮೇಲೆ ಅಕೌಂಟೆಂಟ್ ತಣ್ಣಗಾದರು. ಸೊಳ್ಳೆಪ್ಪನ ಕಿವಿಯ ಹತ್ತಿರ ಬಂದು, "ನಾನು ಹೇಳಿದೆ ಅನ್ಬೇಡಿ. ಯಾವುದಾದ್ರೂ ಒಂದು ಸೊಳ್ಳೆ ತೋರಿಸಿ ಸಿಕ್ತು ಅನ್ನಿ. ಅದರ ಮೈಮೇಲೆ ಹೆಸರು ಹಚ್ಚೆ ಹಾಕಿಸಿದ್ದೀರಾ?" ಎಂದರು.

ಪ್ರಾಮಾಣಿಕನ ಕಿವಿಗೆ ಇಂಥ ಮಾತು ನೀರು ಹೊಕ್ಕಂತೆ. ತಲೆ ಎಷ್ಟು ಕೊಡವಿದರೂ ಹೊರಗೆ ಬರುವುದಿಲ್ಲ. ಊಟದ ಹೊತ್ತಿಗೆ ಸೊಳ್ಳೆಪ್ಪ ಬಾಯಿಂದ ಉಸಿರೆಳೆದು ಸೊಳ್ಳೆ ಹಿಡಿಯುವ ಗಾಜಿನ ಕೊಳವೆಯನ್ನು ಜೇಬಿಗಿಳಿಸಿ ಹೊರಟ. ಕಟ್ಟಡದಲ್ಲಿ ಔಷಧಿಯ ದೆಸೆಯಿಂದ ಸೊಳ್ಳೆಯ ಸುಳಿವೂ ಇರಲಿಲ್ಲ. ಹಾಗಾಗಿ ಮನೆಗೆ ಬಂದ.

ರಾತ್ರಿಯಿಡೀ ಕಿವಿಯ ಬುಡದಲ್ಲಿ ಸಂಗೀತ ಹಾಡುವ ಸೊಳ್ಳೆಗಳು ಹಗಲಲ್ಲಿ ಸಾಲಗಾರರಂತೆ ಮಾಯವಾಗಿದ್ದವು. ಪರದೆಯ ಹಿಂದೆ, ಬಕೆಟ್ಟಿನ ಹಿಂದೆ ಹುಡುಕಿ, ಮಂಚದ ಕೆಳಗೆ ತೂರಿದ. ಮಂಚದಾಚೆ ಹೆಂಡತಿಯ ಕಾಲುಗಳು ಕಂಡವು.

"ರೀ, ಅಲ್ಲೇನು ಮಾಡ್ತಿದ್ದೀರಾ?"

"ಸೊಳ್ಳೆ ಹುಡುಕ್ತಿದ್ದೀನಿ."

"ರಾತ್ರಿ ಹೊಡೀರಿ ಅಂದ್ರೆ ಗೊರಕೆ ಹೊಡೀತೀರಿ. ಈಗ ಆಫೀಸು ಬಿಟ್ಟು ಹುಡುಕೋಕೆ ಬಂದಿದ್ದೀರಾ. ನಿಜ ಹೇಳಿ, ಕೆಲಸ ಹೋಯ್ತಾ?"

"ಹೋಗಿಲ್ಲ ಕಣೇ. ಕಾಯಂ ಆಗೋದಕ್ಕೇ ಒಂದು ಸೊಳ್ಳೆ ಬೇಕಾಗಿದೆ."

"ಲಂಚ ದುಡ್ಡಲ್ಲಿ ಕೇಳೋದು ಗೊತ್ತು," ಎಂದಳು ಹೆಂಡತಿ. "ಸೊಳ್ಳೆಲಿ ಕೇಳೋದು ಇದೇ ಮೊದಲು."

ಮಂಚದ ಕೆಳಗೆ ಎರಡು ಸಿಕ್ಕವು. ಆದರೆ ಎರಡೂ ಚರಂಡಿಯ ಜಾತಿ; ರೆಕ್ಕೆಯಲ್ಲಿ ಚುಕ್ಕೆಯಿಲ್ಲ, ಕೂತರೆ ಗೋಡೆಗೆ ಅಂಟಿಕೊಂಡು ಕೂರುವಂಥವು. ಮಲೇರಿಯಾದ ಸೊಳ್ಳೆಗೆ ರೆಕ್ಕೆಯ ಮೇಲೆ ಚುಕ್ಕೆಗಳಿರುತ್ತವೆ, ಅದು ಕೂರುವುದೂ ಹಿಂಭಾಗ ಎತ್ತಿ, ಕಳೆದ ಸೂಜಿ ಹುಡುಕುವವರಂತೆ. ಮೇಡಂ ಮಸೂರ ಹಿಡಿದರೆ ಮೊದಲು ನೋಡುವುದು ರೆಕ್ಕೆಯನ್ನೇ. ಅಂಥ ಸೊಳ್ಳೆಗೆ ದನಗಳೆಂದರೆ ಇಷ್ಟ ಎಂದು ನೆನಪಾಗಿ ಅವನು ಬೀದಿ ಕೊನೆಯ ಹಾಲಿನ ಅಜ್ಜಿಯ ಕೊಟ್ಟಿಗೆಗೆ ಓಡಿದ.

ಕೊಟ್ಟಿಗೆಯ ಮೂಲೆಯಲ್ಲಿ ಹಿಂಭಾಗ ಎತ್ತಿ ಕೂತ ಒಂದು ಕಂಡಿತು. ಕೊಳವೆ ಬಾಯಿಗಿಟ್ಟುಕೊಂಡು ಗೋಡೆಗೆ ಮುಖ ಹತ್ತಿಸಿದನೋ ಇಲ್ಲವೋ, ಹಿಂದೆ ಪೊರಕೆಯ ಸದ್ದಾಯಿತು.

"ಯಾರೋ ಅದು, ನನ್ನ ಗೋಡೆಗೆ ಮುತ್ತು ಕೊಡ್ತಿರೋದು?"

"ನಾನು ಅಜ್ಜಿ, ಸೊಳ್ಳೆಪ್ಪ."

"ಓಹೋ. ಹಾಲಿಗೆ ನೀರು ಹಾಕ್ತೀನಾ ಅಂತ ನೋಡ್ಕೊಂಡು ಬಾ ಅಂತ ಯಾರು ಕಳ್ಸಿದ್ರು ನಿನ್ನ?"

"ಯಾರೂ ಕಳ್ಸಿಲ್ಲ. ಸೊಳ್ಳೆ ಹಿಡಿಯೋಕೆ ಬಂದೆ."

"ಕೊಳಕು ಅಂತ ದಂಡ ಹಾಕ್ಸೋಕೆ ಬಂದ್ಯಾ? ನನ್ನ ಕೊಟ್ಟಿಗೆಲಿ ಒಂದೇ ಒಂದು ಸೊಳ್ಳೆ ಇಲ್ಲ," ಎಂದವಳೇ ಅಜ್ಜಿ ಪಟ್ಟನೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡಳು.

ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗೇಟಿನ ಮೇಲಿಂದ ಕತ್ತು ಚಾಚಿ, "ಅಜ್ಜಿ, ಕೊಳವೆ ನೋಡಿದ್ರಾ? ಹಸುವಿನಿಂದ ನೇರ ಹಾಲು ಹೀರೋಕೆ ಬಂದಿರಬೇಕು," ಎಂದು ತಮ್ಮ ಪಾಲಿನ ಸೇವೆ ಸಲ್ಲಿಸಿದರು. ಪೊರಕೆ ಮೇಲೆದ್ದಿತು. ಸೊಳ್ಳೆಪ್ಪ ಕೈ ಮುಗಿದು, ತನ್ನ ಕಾಯಂ ಕೆಲಸ ಆ ಗೋಡೆಯ ಮೇಲೆ ಕೂತಿದೆ ಎಂದು ವಿವರಿಸಿದ. ಅಜ್ಜಿ ಪೊರಕೆ ಇಳಿಸಿದಳು. ಆದರೆ ಕಣ್ಣು ಇನ್ನೂ ಚೂಪಾಯಿತು.

"ಅಷ್ಟು ಬೆಲೆ ಬಾಳೋದಾ? ಹಾಗಾದ್ರೆ ಒಂದೇ ತಗೋ. ಎರಡನೇದಕ್ಕೆ ಕೈ ಹಾಕಿದ್ರೆ ನೋಡು. ಮತ್ತೆ ನಾಳೆಯಿಂದ ನಿಮ್ಮನೆಗೆ ನಮ್ಮದೇ ಹಾಲು."

ಸೊಳ್ಳೆಪ್ಪ ಒಪ್ಪಿ, ಅದೊಂದನ್ನೇ ಕೊಳವೆಯೊಳಗೆ ಎಳೆದುಕೊಂಡ. ಅಷ್ಟರಲ್ಲಿ ಅವನ ಕೈಕಾಲನ್ನು ಇಡೀ ಕೊಟ್ಟಿಗೆ ರುಚಿ ನೋಡಿ ಮುಗಿಸಿತ್ತು.

ಆಫೀಸಿಗೆ ಬಂದು ಸೊಳ್ಳೆಯ ಎದೆಯನ್ನಷ್ಟೇ ಒತ್ತಿ ಕೊಂದು, ಸೊಳ್ಳೆಗಳನ್ನಿಟ್ಟ ಬಲೆಗೂಡಿಗೆ ಕೈ ಹಾಕಲು ಹೊಲಿದಿದ್ದ ಬಟ್ಟೆಯ ತೋಳಿನ ಮಡಿಕೆಯಲ್ಲಿ ಇಕ್ಕಳದಿಂದ ಮಲಗಿಸಿದ. ಸ್ವಲ್ಪ ಹೊತ್ತು ಬಿಟ್ಟು, ಸಂಶೋಧಕಿಯನ್ನು ಕರೆದು ಅವಳ ಎದುರೇ ಹುಡುಕಿ "ಸಿಕ್ತು" ಎಂದ. ಅವಳು ಕಣ್ಣೊರೆಸಿಕೊಂಡು ನಕ್ಕಳು. ಅವಳ ನಗು ನೋಡಿ ಅವನಿಗೂ ಅದು ನಿಜವಾಗಿಯೇ ಸಿಕ್ಕಿದಂತೆ ಅನಿಸಿಬಿಟ್ಟಿತು.

ನಾಲ್ಕು ಗಂಟೆಗೆ ಮೇಡಂ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಡಂ ಹೆಣವನ್ನು ಬಿಳಿ ತಟ್ಟೆಯ ಮೇಲಿಟ್ಟು ಮಸೂರ ಹಿಡಿದು ಬಹಳ ಹೊತ್ತು ನೋಡಿದರು.

"ರೆಕ್ಕೆಯಲ್ಲಿ ಚುಕ್ಕೆ ಇದೆ."

ಸೊಳ್ಳೆಪ್ಪ ಉಸಿರು ಬಿಟ್ಟ.

"ಹೊಟ್ಟೆ ಮಾತ್ರ ಕೆಂಪಗಿದೆಯಲ್ಲ. ಹತ್ತು ದಿನದಿಂದ ಇವಕ್ಕೆ ನೀವು ಕೊಡ್ತಿರೋದು ಬರೀ ಸಕ್ಕರೆ ನೀರು ಅಲ್ವಾ?"

ಬಿಟ್ಟ ಉಸಿರು ಒಳಗೆ ಹೋಗಲಿಲ್ಲ. ಯಾವ ಸೊಳ್ಳೆಗೆ ಯಾವಾಗ ರಕ್ತ ಎಂದು ನಿದ್ದೆಯಲ್ಲೂ ಹೇಳಬಲ್ಲವನಿಗೆ, ರೆಕ್ಕೆಯ ಚುಕ್ಕೆ ನೋಡುವ ಅವಸರದಲ್ಲಿ ಕೊಟ್ಟಿಗೆಯ ಸೊಳ್ಳೆ ಊಟ ಮುಗಿಸಿ ಕೂತಿರುತ್ತದೆ ಎಂಬುದು ಹೊಳೆದಿರಲಿಲ್ಲ.

ಅಕೌಂಟೆಂಟ್ ಕುರ್ಚಿ ಹುಡುಕಿಕೊಂಡು ಕುಸಿದರು. "ಅಂದ್ರೆ ಅದು ಯಾರನ್ನೋ ಕಚ್ಚಿದೆ. ನನ್ನನ್ನೇ. ನನಗೆ ಬೆಳಿಗ್ಗೆನೇ ಗೊತ್ತಿತ್ತು. ಮೈ ಸುಡ್ತಿದೆ ನೋಡಿ. ನಮ್ಮ ಮನೆಯವಳಿಗೆ ಫೋನ್ ಮಾಡಿ, ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋಕೆ ಹೇಳಿ."

ಅವರ ಅಕ್ಕಪಕ್ಕ ನಿಂತವರು ಮೆಲ್ಲಗೆ ಒಂದೊಂದು ಹೆಜ್ಜೆ ಸರಿದರು. ಸಂಶೋಧಕಿ ಸಮಾಧಾನ ಮಾಡಲು ಹೋಗಿ, "ಹೆದರಬೇಡಿ ಸಾರ್, ಹೊಟ್ಟೆಯಲ್ಲಿರೋ ರಕ್ತ ಪರೀಕ್ಷೆ ಮಾಡಿದ್ರೆ ಯಾರದ್ದು ಅಂತ ಗೊತ್ತಾಗಿಬಿಡುತ್ತೆ," ಎಂದಳು. ಅಕೌಂಟೆಂಟ್ ಕಣ್ಣು ಮೇಲೆ ಮಾಡಿದರು. ಅವರ ಹಣೆಯ ಮೇಲಿನ ಬೆವರು ಮಾತ್ರ ನಿಜವಾದದ್ದು. ಸೊಳ್ಳೆಪ್ಪನಿಗೆ ನೋಡಲಾಗಲಿಲ್ಲ.

"ಸಾರ್, ಅದು ನಿಮ್ಮ ರಕ್ತ ಅಲ್ಲ. ಹಸುವಿನದು."

"ಯಾರನ್ನ ಹಸು ಅಂತೀರಿ?"

"ನಿಮ್ಮನ್ನಲ್ಲ ಸಾರ್. ನಮ್ಮ ಬೀದಿ ಹಾಲಿನ ಅಜ್ಜಿ ಹಸು. ಇದು ಅವಳ ಕೊಟ್ಟಿಗೆ ಸೊಳ್ಳೆ. ನಮ್ಮದು ಸಿಗಲೇ ಇಲ್ಲ. ಮೇಡಂ, ತಪ್ಪಾಯ್ತು."

ಅಕೌಂಟೆಂಟರ ಜ್ವರ ಅಲ್ಲೇ ಇಳಿಯಿತು. ಸಂಶೋಧಕಿ ಗೋಡೆಗೆ ಒರಗಿದಳು. ಮೇಡಂ ಮೇಜಿನ ಖಾನೆ ಎಳೆದು ಒಂದು ಸಣ್ಣ ಗಾಜಿನ ಶೀಶೆ ತೆಗೆದಿಟ್ಟರು. ಒಳಗೆ ಒಂದು ಸೊಳ್ಳೆ ಕಾಲು ಮೇಲೆ ಮಾಡಿ ಮಲಗಿತ್ತು. ಚುಕ್ಕೆಯ ರೆಕ್ಕೆ, ತೆಳ್ಳನೆ ಹೊಟ್ಟೆ.

"ಅರವತ್ತನೇದು," ಎಂದರು. "ಬೆಳಿಗ್ಗೆ ನೀವು ಬರೋಕೆ ಮುಂಚೆ ನಾನೇ ತೆಗೆದಿಟ್ಟಿದ್ದೆ. ನಿಮಗಿಂತ ಮುಂಚೆ ಇದ್ದವರು ಎಣಿಸದೇ ಸರಿ ಇದೆ ಅಂತಿದ್ರು. ಕಾಯಂ ಮಾಡೋ ಮೊದಲು ಒಂದು ಸಲ ನೋಡೋಣ ಅನ್ನಿಸ್ತು."

"ನಾನು ಎಣಿಸಿದ್ನಲ್ಲ ಮೇಡಂ. ಕಮ್ಮಿ ಇದೆ ಅಂತ ನಿಜಾನೇ ಹೇಳಿದ್ನಲ್ಲ."

"ಹೇಳಿದ್ರಿ. ನೀವು ಆ ಕಡೆ ಹೋದ ಕೂಡಲೇ ಶಿಫಾರಸಿಗೆ ಸಹಿ ಹಾಕಿದೆ. ಈಗ ಎಲ್ಲರ ಮುಂದೆ ಕೊಡಬೇಕು ಅಂತಿದ್ದೆ." ಮೇಡಂ ಆ ಕಾಗದವನ್ನು ಎರಡಾಗಿ ಹರಿದು, ಹರಿದದ್ದು ಸರಿಯಾಗಿದೆಯೇ ಎಂದು ನೋಡಿ, ಮತ್ತೊಮ್ಮೆ ಹರಿದರು. "ನೀವು ಬರೀ ಕೈಲಿ ಬಂದಿದ್ರೆ ಸಾಕಿತ್ತು."

ಸಂಶೋಧಕಿಯ ಸೊಳ್ಳೆಗಳು ಉಳಿದವು. ಸೊಳ್ಳೆಪ್ಪನ ಕಾಯಂ ಕೆಲಸ ಹೋಯಿತು. ಹಂಗಾಮಿ ಕೆಲಸ, ಬೇರೆ ಯಾರೂ ಒಪ್ಪುವುದಿಲ್ಲವಾದ್ದರಿಂದ, ಹಾಗೇ ಉಳಿಯಿತು.